ಮುಂದಾಳುಗಳು ಬರ್ತಿದ್ದಾರೆ

ಹಿಮ ಸುರಿದು ಆರಿಸಿದ ಬೆಂಕಿಯ ವಾಸನೆ. ತಬಿತಾಳಿಗೆ ಬಾಲ್ಯವೆಂದರೆ ಅದು. ಒದ್ದೆ ಬೂದಿ, ಅರೆಬೆಂದ ಕೊರಡು, ಮೂಗಿನೊಳಗೆ ಹತ್ತಿ ಕೂರುವ ಕಹಿ. ಗುಡಾರದ ನಡುವೆ ಉರಿಯುತ್ತಿದ್ದ ಬೆಂಕಿಗೆ ಅಜ್ಜಿ ಬೊಗಸೆ ಬೊಗಸೆ ಹಿಮ ಸುರಿದು ತುಟಿಯ ಮೇಲೆ ಬೆರಳಿಡುತ್ತಿದ್ದಳು. ನಾಯಿಗಳ ಮೂತಿಗೆ ಹಗ್ಗ ಬೀಳುತ್ತಿತ್ತು. ಅಳುವ ಕೂಸುಗಳ ಬಾಯಿಗೆ ಕೊಬ್ಬಿನ ಚೂರು ಬೀಳುತ್ತಿತ್ತು.

"ಮುಂದಾಳುಗಳು ಬರ್ತಿದ್ದಾರೆ," ಎಂದು ಅಜ್ಜಿ ಕಿವಿಯಲ್ಲಿ ಉಸುರುತ್ತಿದ್ದಳು. "ಅವರು ದಾಟೋವರೆಗೂ ಕೆಮ್ಮೋ ಹಾಗಿಲ್ಲ."

ಮುಂದಾಳುಗಳೆಂದರೆ ಹಿಮಸಾರಂಗಗಳ ಹಿಂಡಿನ ಮುಂದೆ ನಡೆಯುವ ಮುದಿ ಹೆಣ್ಣುಗಳು. ಚಳಿಗೆ ಮುಂಚೆ ಹಿಂಡು ಬಯಲು ಬಿಟ್ಟು ಕಣಿವೆಯ ಮೂಲಕ ಕಾಡಿಗಿಳಿಯುತ್ತದೆ. ದಾರಿ ಗೊತ್ತಿರುವುದು ಈ ಮುದುಕಿಯರಿಗೆ ಮಾತ್ರ. ಅವರನ್ನು ಯಾರೂ ಹೊಡೆಯುವುದಿಲ್ಲ. ಅವರು ದಾಟಿದರೆ ಸಾವಿರಾರು ಸಾರಂಗಗಳು ಹಿಂದೆ ಬರುತ್ತವೆ, ಊರಿಗೆ ಬೇಕಾದಷ್ಟು ಮಾಂಸ ಸಿಗುತ್ತದೆ. ಅವರು ಹೆದರಿ ತಿರುಗಿದರೆ ಇಡೀ ಹಿಂಡು ತಿರುಗುತ್ತದೆ. ಮುಂದಾಳನ್ನು 'ಅದು' ಎಂದ ಮಗುವಿನ ಕಪಾಳಕ್ಕೆ ಅಜ್ಜಿ ಬಾರಿಸುತ್ತಿದ್ದಳು. ಮನೆಯ ಹಿರಿಯರನ್ನು ಕರೆಯುವಂತೆ 'ಅವರು' ಎನ್ನಬೇಕು.

ರಸ್ತೆ ಬಂದದ್ದು ಆ ಕಣಿವೆಗೇ. ಯೂಕಾನಿನ ಉತ್ತರದ ಬೆಟ್ಟಗಳನ್ನು ಸೀಳಿ, ಮರವಿಲ್ಲದ ಬಯಲನ್ನು ದಾಟಿ, ಹಿಮಸಮುದ್ರದ ಕಡೆಗೆ ಹೋಗುವ ಜಲ್ಲಿ ರಸ್ತೆ. ತಬಿತಾಳ ಗ್ವಿಚಿನ್ ಜನರ ಒಂದು ಮನೆಯೂ ಅಡ್ಡ ಬರುವುದಿಲ್ಲ, ಯಾರಿಗೂ ನಷ್ಟವಿಲ್ಲ ಎಂದರು ರಸ್ತೆ ಮಾಡಿಸಿದವರು. ಸಾರಂಗಗಳ ದಾರಿಯನ್ನು ದಾರಿಯೆಂದು ಯಾರೂ ಎಣಿಸಲಿಲ್ಲ.

ಹೋದ ವರ್ಷ ಮುಂದಾಳುಗಳು ರಸ್ತೆಯಂಚಿಗೆ ಬಂದಾಗ ದಕ್ಷಿಣದ ಪಟ್ಟಣಗಳ ಬೇಟೆಗಾರರು ಅಲ್ಲಿ ಕಾದಿದ್ದರು. ಬಂದೂಕು ಗಾಡಿಯ ಬಾನೆಟ್ಟಿನ ಮೇಲಿತ್ತು. ಪರವಾನಗಿ ಜೇಬಿನಲ್ಲಿತ್ತು. ಬಿಯರ್ ಕೈಯಲ್ಲಿತ್ತು. ಎಲ್ಲರಿಗಿಂತ ಮುಂದೆ ಇದ್ದವಳನ್ನೇ ಹೊಡೆದರು. ಗುಂಡು ಹೊಟ್ಟೆಗೆ ಬಿತ್ತು. ಕರುಳನ್ನು ಜಲ್ಲಿಯ ಮೇಲೆ ಎಳೆದುಕೊಂಡು ಅವಳು ತೆವಳಿದಳು. ಒಬ್ಬ ತನ್ನ ಗಾಡಿಯನ್ನು ಅವಳ ಮೇಲೆ ಹತ್ತಿಸಿದ. ಹಿಂದಕ್ಕೆ ತಂದ. ಮತ್ತೆ ಹತ್ತಿಸಿದ. ಉಳಿದವರು ಚಪ್ಪಾಳೆ ತಟ್ಟಿದರು.

ಹಿಂಡು ತಿರುಗಿ ಬೆಟ್ಟ ಹತ್ತಿತು. ಆ ಚಳಿಗಾಲ ನದಿಯಂಚಿನ ಊರಿಗೆ ಮಾಂಸ ಬರಲಿಲ್ಲ.

ಮಕ್ಕಳಿಗೇ ಇಲ್ಲದಾಗ ನಾಯಿಗಳಿಗೆ ಏನು ಹಾಕುವುದು? ತಬಿತಾ ತನ್ನ ಹಿಮಬಂಡಿ ಎಳೆಯುವ ನಾಯಿಗಳನ್ನು ಒಂದೊಂದಾಗಿ ಮನೆಯ ಹಿಂದಕ್ಕೆ ಕರೆದೊಯ್ದು ಗುಂಡಿಕ್ಕಿದಳು. ಬಾಲ ಅಲ್ಲಾಡಿಸುತ್ತಲೇ ಬಂದವು. ಗಂಡ ಎಫ್ರೆಮ್ ಹಿಂಡನ್ನು ಹುಡುಕಿ ಬೆಟ್ಟದಾಚೆ ಹೋದ, ನಾಯಿಗಳಿಲ್ಲದೆ, ಕಾಲ್ನಡಿಗೆಯಲ್ಲಿ. ಹಿಮ ಕರಗಿದ ಮೇಲೆ ಸಿಕ್ಕಿದ. ಕಾಗೆಗಳಿಗೆ ಮೊದಲೇ ಸಿಕ್ಕಿದ್ದ. ಊರಿನ ಹೆಂಗಸರು ಅವನ ಮುಖಕ್ಕೆ ಬಟ್ಟೆ ಮುಚ್ಚಿಯೇ ಅವಳನ್ನು ಹತ್ತಿರಕ್ಕೆ ಬಿಟ್ಟರು.

ಬೇಸಿಗೆಯಲ್ಲಿ ತಬಿತಾ ರಸ್ತೆ ಕೆಲಸಕ್ಕೆ ಸೇರಿದಳು. ಮಾಂಸ ಕಿತ್ತುಕೊಂಡ ರಸ್ತೆ ರೊಟ್ಟಿ ಕೊಡುತ್ತೇನೆಂದಿತು. ಅವಳು ಹೋದಳು. ಹೊಟ್ಟೆಗೆ ಬೇರೆ ದಾರಿ ಇರಲಿಲ್ಲ.

ಅವಳ ಕೈಗೆ ಒಂದು ಕೋಲು ಕೊಟ್ಟರು. ತುದಿಯಲ್ಲಿ ತಗಡಿನ ಫಲಕ. ಒಂದು ಮಗ್ಗುಲಲ್ಲಿ ಕೆಂಪಾಗಿ 'ನಿಲ್ಲಿ', ಇನ್ನೊಂದು ಮಗ್ಗುಲಲ್ಲಿ ಹಳದಿಯಾಗಿ 'ನಿಧಾನ'. ಮುಂದೆ ರಸ್ತೆ ದುರಸ್ತಿಯಾಗುವಾಗ ಗಾಡಿಗಳನ್ನು ನಿಲ್ಲಿಸುವುದು, ಮೇಸ್ತ್ರಿ ಹೇಳಿದಾಗ ಬಿಡುವುದು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಲಾರಿಗಳು ಎಬ್ಬಿಸಿದ ಧೂಳಿಗೆ ಉಗುಳು ಬೂದಿಯ ಬಣ್ಣವಾಯಿತು. ಚಕ್ರದಡಿಯಿಂದ ಸಿಡಿದ ಕಲ್ಲಿಗೆ ಮೊಣಕಾಲಿನ ಕೆಳಗೆ ಗಾಯದ ಮೇಲೆ ಗಾಯ. ಕೆಲವರು ಬೇಕೆಂದೇ ಅವಳ ಮೈಗೆ ಒರೆಸಿಕೊಂಡಂತೆ ಗಾಡಿ ಓಡಿಸುತ್ತಿದ್ದರು. ಉಚ್ಚೆಗೆ ಜಲ್ಲಿರಾಶಿಯ ಮರೆಗೆ ಹೋದರೆ ಸಾಲುಗಟ್ಟಿ ಹಾರನ್ ಬಾರಿಸುತ್ತಿದ್ದರು. ಅವಳು ನೀರು ಕುಡಿಯುವುದನ್ನೇ ಬಿಟ್ಟಳು.

ಕೆಲಸದವರು ಚಳಿ ಕಾಯಿಸಿಕೊಳ್ಳಲು ಒಲೆಯಿದ್ದ ಒಂದು ತಗಡಿನ ಡಬ್ಬಿಮನೆ ಇತ್ತು. ಊರಿನವರಿಗೆ ಒಳಗೆ ಹೋಗಲು ಬಿಡುತ್ತಿರಲಿಲ್ಲ.

"ಚಳಿ ನಿಮಗೆ ರಕ್ತದಲ್ಲೇ ಇದೆಯಲ್ಲ," ಎಂದು ಮೇಸ್ತ್ರಿ ಕ್ರಾಲಿ ನಗುತ್ತಿದ್ದ. ಅವನು ಅವಳ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. "ಏಯ್ ಫಲಕ!" ಎಂದು ಕೂಗುತ್ತಿದ್ದ. ಅವಳ ಬುತ್ತಿಯ ಒಣಮೀನನ್ನು ಒಂದು ದಿನ ಬೂಟುಗಾಲಿನಿಂದ ಒದ್ದು, "ಇದರ ನಾತಕ್ಕೆ ನನ್ನ ಜನ ವಾಂತಿ ಮಾಡ್ಕೋತಾರೆ," ಎಂದಿದ್ದ. ಅವಳು ಮೀನನ್ನು ಎತ್ತಿ, ಮಣ್ಣು ಒರೆಸಿ ತಿಂದಿದ್ದಳು.

ಏಮೊಸ್ ಇಲ್ಲದಿದ್ದರೆ ಅವಳು ಬೇಸಿಗೆಯಲ್ಲೇ ಬಿಟ್ಟು ಹೋಗುತ್ತಿದ್ದಳೇನೋ. ಅವನು ಅವಳ ಚಿಕ್ಕಪ್ಪನ ಮಗ. ಜಲ್ಲಿ ಸಮತಟ್ಟು ಮಾಡುವ ಯಂತ್ರ ಓಡಿಸುತ್ತಿದ್ದ. ದೊಡ್ಡ ಬಾಯಿ. ಚಳಿ ಏರಿದಾಗ ಅವಳ ಕೈಗವಸುಗಳನ್ನು ಕಿತ್ತುಕೊಂಡು ಹೋಗಿ, ಯಂತ್ರದ ಬಿಸಿ ತಗಡಿನ ಮೇಲೆ ಕಾಯಿಸಿ ತಂದು, ಮಾತಿಲ್ಲದೆ ಅವಳ ಕೈಗೆ ತೊಡಿಸುತ್ತಿದ್ದ. ತೊಡಿಸಿದ ಮೇಲೆ ಬಾಯಿ ಬಿಡುತ್ತಿದ್ದ: "ತಬಿತಕ್ಕಾ, ನಿನ್ನ ಕೈ ಏನು, ಸತ್ತ ಮೀನು ಹಿಡಿದ ಹಾಗಿದೆಯಲ್ಲೇ."

"ಮುಚ್ಕೊಂಡು ಹೋಗೋ. ನಿನ್ನ ಮುಖಕ್ಕಿಂತ ವಾಸಿ."

ಆ ವಾರ ರಾಜಧಾನಿಯಿಂದ ದೊಡ್ಡವರು ರಸ್ತೆ ನೋಡಲು ಬರುತ್ತಾರೆಂದು ಸುದ್ದಿಯಿತ್ತು. ಯಾವ ದಿನ ಎಂದು ಯಾರಿಗೂ ಗೊತ್ತಿಲ್ಲ. ಕ್ರಾಲಿ ದಿನವೂ ಗಡ್ಡ ಹೆರೆದುಕೊಳ್ಳುತ್ತಿದ್ದ.

ಅಂದು ಬೆಳಿಗ್ಗೆ ಬಯಲಿನ ಮೇಲೆ ತೆಳುವಾಗಿ ಹಿಮ ಬಿದ್ದಿತ್ತು. ತಬಿತಾಳ ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದವು. ಮೊದಲಿಗೆ ಆಲ್ಫಿ ಎಂಬ ಮುದುಕನ ಲಾರಿ. ಅದರ ಹಿಂದೆ ಬೇಟೆಗಾರರ ಎರಡು ಪಿಕಪ್. ಅದರ ಹಿಂದೆ ಮತ್ತೆ ಲಾರಿಗಳು. ಆಲ್ಫಿ ಹಾರನ್ನಿನಿಂದ ಕೈ ತೆಗೆದಿರಲಿಲ್ಲ.

"ಏನಮ್ಮಾ, ಆ ಫಲಕ ಬೇರು ಬಿಟ್ಟಿದೆಯಾ? ನನ್ನ ಲೋಡಲ್ಲಿ ಮೊಟ್ಟೆ ಇದೆ. ಮರಿ ಮಾಡ್ಸಿ ಕಳಿಸ್ತೀಯಾ?"

"ಮರಿ ಆದ್ರೆ ಒಂದು ನನಗೂ ಕೊಡಿ," ಎಂದಳು ತಬಿತಾ.

ಅಷ್ಟರಲ್ಲಿ ಮುಂದೆ ಏಮೊಸನ ಯಂತ್ರದ ಸದ್ದು ನಿಂತಿತು. ಅವನು ಕೆಳಗಿಳಿದು ಓಡಲಿಲ್ಲ, ನಡೆದು ಬಂದ. ಅವನು ಬಾಯಿ ತೆರೆಯದೆ ಗಲ್ಲವನ್ನು ಮಾತ್ರ ಉತ್ತರದ ಇಳಿಜಾರಿನ ಕಡೆಗೆ ಎತ್ತಿದ. ಕುರುಚಲು ಗಿಡಗಳ ನಡುವೆ ಮೂರು ಬಿಳಿ ಕೊರಳುಗಳು. ಅವುಗಳ ಹಿಂದೆ ಬೆಟ್ಟವೇ ಕದಲುತ್ತಿತ್ತು.

ತಬಿತಾ ವಾಕಿಟಾಕಿ ಎತ್ತಿದಳು. ಹೇಳಬೇಕಾದದ್ದನ್ನು ಅವಳ ಜನ ಹೇಳುವಂತೆಯೇ ಹೇಳಿದಳು.

"ಮುಂದಾಳುಗಳು ಬರ್ತಿದ್ದಾರೆ. ಗಾಡಿ ನಿಲ್ಲಿಸಿದ್ದೀನಿ."

ಆ ಕಡೆ ಕ್ರಾಲಿಯ ಕೈಯಿಂದ ಏನೋ ಬಿದ್ದ ಸದ್ದಾಯಿತು. "ಏನಂದೆ? ಈಗಲೇ? ಎಷ್ಟು ಜನ?"

"ಮುಂದೆ ಮೂವರು. ವಯಸ್ಸಾದವರು. ಹಿಂದೆ ತುಂಬಾ ಜನ ಇದ್ದಾರೆ."

"ಮಂತ್ರಿ ಇದ್ದಾನಾ?"

"ಮೂವರೂ ಹೆಂಗಸರೇ."

"ಹೆಂಗಸರೇ! ಕೆಟ್ಟೆ. ಹೆಂಗಸರು ಬಂದ್ರೆ ಕಸ ಎಲ್ಲಿದೆ ಅಂತ ಮೊದಲು ನೋಡ್ತಾರೆ. ಯಾವುದ್ರಲ್ಲಿ ಬರ್ತಿದ್ದಾರೆ, ಹೆಲಿಕಾಪ್ಟರಾ?"

"ನಡ್ಕೊಂಡು."

"ರಸ್ತೆ ಪರೀಕ್ಷೆ ಮಾಡ್ಕೊಂಡೇ ಬರ್ತಿದ್ದಾರೆ ಹಾಗಾದ್ರೆ," ಎಂದಿತು ಕ್ರಾಲಿಯ ಗಂಟಲು, ಈಗ ತಗ್ಗಿ. "ಕೇಳು. ಎಲ್ಲರ ಇಂಜಿನ್ನೂ ಆರಿಸು. ಒಂದು ಹಾರನ್ ಕೇಳಬಾರದು, ಧೂಳು ಏಳಬಾರದು. ನಾನು ಬರೋವರೆಗೂ ಅವರಿಗೆ ಯಾರೂ ಅಡ್ಡ ಹೋಗಬಾರದು."

ಅವನು ಏನೆಂದುಕೊಂಡಿದ್ದಾನೆಂದು ಅವಳಿಗೆ ಅರ್ಥವಾಯಿತು. ತಿದ್ದಬಹುದಿತ್ತು. ತಿದ್ದಲಿಲ್ಲ.

"ಆಯ್ತು," ಎಂದಳು. "ಯಾರೂ ಅಡ್ಡ ಹೋಗಲ್ಲ."

ಏಮೊಸನ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು. ಅಂಗಿಯ ತೋಳನ್ನು ಕಚ್ಚಿಕೊಂಡ.

ಒಂದೊಂದಾಗಿ ಇಂಜಿನ್‌ಗಳು ಆರಿದವು. ಕಣಿವೆಗೆ ಮೌನ ಬಂತು. ರಸ್ತೆಯಾದ ಮೇಲೆ ಅಂಥ ಮೌನವನ್ನು ಅವಳು ಕೇಳಿರಲಿಲ್ಲ. ಕ್ರಾಲಿ ಬಂದ. ಹೊಸ ಹೆಲ್ಮೆಟ್, ತೊಳೆದ ಮುಖ. ಜೊತೆಗೆ ಪೊಲೀಸ್ ಪೇದೆಯೊಬ್ಬ, ಬೂಟಿಗೆ ಪಾಲಿಶ್ ಹಾಕಿಕೊಂಡು, ಸೆಲ್ಯೂಟ್ ಹೊಡೆಯಲು ಸಿದ್ಧನಾಗಿ. ಕ್ರಾಲಿ ತುದಿಗಾಲಲ್ಲಿ ಸಾಲಿನುದ್ದಕ್ಕೂ ಓಡಾಡಿದ. "ಬಿಯರ್ ಡಬ್ಬಿ ಒಳಗೆ ಹಾಕಿ. ಬಂದೂಕು ಒಳಗಿಡಿ. ದೊಡ್ಡವರು ಬರ್ತಿದ್ದಾರೆ." ಬೇಟೆಗಾರರು ಗೊಣಗಿದರು, ಇಟ್ಟರು. ಎಲ್ಲರೂ ರಸ್ತೆಯ ಬದಿಗೆ ಸಾಲಾಗಿ ನಿಂತರು. ಕ್ರಾಲಿ ಕೈಕಟ್ಟಿ ನಿಂತ.

ಮೊದಲ ಮುಂದಾಳು ರಸ್ತೆಯ ದಿಬ್ಬ ಹತ್ತಿ ಬಂದಳು. ಒಂದು ಕೊಂಬು ಮುರಿದಿತ್ತು. ಮೂಗಿನ ಮೇಲಿನ ಕೂದಲು ನರೆತಿತ್ತು. ಮುಂಗಾಲನ್ನು ಜಲ್ಲಿಯ ಮೇಲಿಟ್ಟು, ತಲೆ ಎತ್ತಿ ಗಾಳಿ ಮೂಸಿದಳು.

ಯಾರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ಬೇಟೆಗಾರರಲ್ಲಿ ಕೆಂಪು ಗಡ್ಡದವನೊಬ್ಬ ನಗಲು ಶುರುಮಾಡಿದ.

"ಏನ್ ಕ್ರಾಲಿ, ಮಂತ್ರಿಯಮ್ಮ ಇವಳೇನಾ? ಹೋಗಿ ಕೈ ಕುಲುಕಯ್ಯಾ!"

ಸಾಲಿಗೆ ಸಾಲೇ ಗೊಳ್ಳೆಂದಿತು. ಪೇದೆಯೂ ನಕ್ಕ. ನಗುವಿಗೆ ಮುಂದಾಳು ಬೆಚ್ಚಿ ಕಾಲು ಹಿಂದೆ ತೆಗೆದಳು. ಅವಳ ಹಿಂದಿದ್ದ ಇಬ್ಬರೂ ನಿಂತರು. ಇಳಿಜಾರಿನ ಮೇಲಿದ್ದ ಸಾವಿರ ತಲೆಗಳು ನಿಂತವು.

ಕ್ರಾಲಿಯ ಕುತ್ತಿಗೆ ಕೆಂಪಾಯಿತು. ಆ ಕೆಂಪು ಮೇಲೇರಿ ಕಿವಿಗೆ ಬಂತು. ಅವನು ತಬಿತಾಳ ಮುಂದೆ ನಿಂತ.

"ಫಲಕ ತಿರುಗಿಸು."

ಅವಳು ತಿರುಗಿಸಲಿಲ್ಲ.

"ನನ್ನನ್ನ ಕೋತಿ ಮಾಡ್ತೀಯಾ? ತಿರುಗಿಸೇ! ಇಲ್ಲಿ ಮುಂದಾಳು ನಾನು."

"ನೀನು ಮೇಸ್ತ್ರಿ," ಎಂದಳು ತಬಿತಾ ಪಿಸುದನಿಯಲ್ಲಿ. "ಮುಂದಾಳುಗಳು ಅವರು. ಮೆಲ್ಲಗೆ ಮಾತಾಡು. ಅವರು ದಾಟ್ಲಿ."

"ಕೆಲಸ ಹೋಯ್ತು ನಿನ್ನದು."

"ಹೋಗ್ಲಿ. ಅವರು ದಾಟ್ಲಿ."

ಅವನು ಕೋಲಿಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಬೇಸಿಗೆಯುದ್ದಕ್ಕೂ ಹಿಡಿದು ಕೈಗೆ ಒಗ್ಗಿದ ಕೋಲು. ಅವನು ಎಳೆದ, ಅವಳೂ ಜೊತೆಗೆ ಎಳೆದುಕೊಂಡು ಹೋದಳು, ಮತ್ತೆ ಕಾಲೂರಿದಳು. ಅವನು ಹೊಟ್ಟೆಗೆ ಗುದ್ದಿದ. ಉಸಿರು ಕಟ್ಟಿ ಅವಳು ಬಾಗಿದಳು. ಆಗ ಕೋಲು ಕೈಬಿಟ್ಟಿತು. ಕ್ರಾಲಿ ಅದನ್ನು ಎತ್ತಿ ತಗಡಿನ ಅಂಚಿನಿಂದ ಅವಳ ಮುಖಕ್ಕೆ ಬೀಸಿದ.

ಒಳಗೆ ಏನೋ ಮುರಿದದ್ದು ಅವಳಿಗೇ ಕೇಳಿಸಿತು. ಬಾಯಿ ತುಂಬ ಬಿಸಿ ರಕ್ತ, ಅದರೊಳಗೆ ಕಲ್ಲಿನಂತೆ ಹಲ್ಲುಗಳು. ಅವಳು ಕೂಗಲಿಲ್ಲ. ಕೂಗು ಗಂಟಲಿನವರೆಗೆ ಬಂದಿತ್ತು, ಅದನ್ನು ರಕ್ತದ ಜೊತೆ ನುಂಗಿದಳು. ಅವನು ಮತ್ತೆ ಬೀಸಿದ, ಭುಜಕ್ಕೆ. ಮತ್ತೆ, ಬೆನ್ನಿಗೆ. ಅವಳು ಕೂಗಲಿಲ್ಲ. ಅವಳ ಕಣ್ಣು ದಿಬ್ಬದ ಮೇಲಿತ್ತು. ಮುರಿದ ಕೊಂಬಿನವಳು ಇನ್ನೂ ಅಲ್ಲೇ ನಿಂತಿದ್ದಳು, ಕಿವಿ ಆಡಿಸುತ್ತ.

ಹೆಂಗಸೊಬ್ಬಳನ್ನು ಹೀಗೆ ಹೊಡೆಯುತ್ತಿರುವಾಗ ಅಷ್ಟು ಕಡಿಮೆ ಸದ್ದಾಗುವುದನ್ನು ನೋಡಿ, ನಗುತ್ತಿದ್ದವರು ನಗು ನಿಲ್ಲಿಸಿದರು. ಕೆಲವರು ಕಣ್ಣು ಬೇರೆ ಕಡೆ ಹಾಯಿಸಿದರು. ಪೇದೆ ತನ್ನ ಬೂಟು ನೋಡಿಕೊಂಡ.

ಕೆಂಪು ಗಡ್ಡದವನು ಗಾಡಿಯಿಂದ ಬಂದೂಕು ತೆಗೆದ. ಏಮೊಸ್ ನಡೆದು ಹೋಗಿ ನಳಿಗೆಯ ಮುಂದೆ ನಿಂತ. ದೊಡ್ಡ ಬಾಯಿಯ ಏಮೊಸ್. ಒಂದು ಮಾತಾಡಲಿಲ್ಲ. ಎರಡೂ ಕೈ ಅಗಲಿಸಿ ನಿಂತ, ಅಷ್ಟೇ.

"ಪಕ್ಕಕ್ಕೆ ಹೋಗೋ ಕಾಡಪ್ಪ."

ಏಮೊಸ್ ಇಲ್ಲವೆಂದು ತಲೆಯಾಡಿಸಿದ.

ಬಂದೂಕಿನ ಹಿಡಿ ಅವನ ಹಣೆಗೆ ಬಿತ್ತು. ಅವನು ಮಂಡಿಯೂರಿ ಬಿದ್ದ, ಎದ್ದ, ಮತ್ತೆ ಅಲ್ಲೇ ನಿಂತ. ಇನ್ನಿಬ್ಬರು ಬಂದು ಅವನನ್ನು ಕೆಡವಿದರು. ಪಕ್ಕೆಗೆ ಒದ್ದರು. ನೆಲಕ್ಕೂರಿದ ಅವನ ಕೈಯ ಮೇಲೆ ಒಬ್ಬ ಹಿಮ್ಮಡಿ ತಿರುವಿದ, ಸಿಗರೇಟು ಹೊಸಕಿದಂತೆ. ಬೆರಳುಗಳು ಮುರಿದವು. ಏಮೊಸ್ ಜಲ್ಲಿಗೆ ಬಾಯಿ ಒತ್ತಿಕೊಂಡ. ಅವನ ಬಾಯಿಯಿಂದ ಬಂದ ಸದ್ದು ಜಲ್ಲಿಯೊಳಗೇ ಇಂಗಿತು.

ಕೆಂಪು ಗಡ್ಡದವನು ಬಾನೆಟ್ಟಿಗೆ ಮೊಣಕೈ ಊರಿದ. ಒಂದು ಕಣ್ಣು ಮುಚ್ಚಿದ.

ದಿಬ್ಬದ ಮೇಲೆ ಮುಂದಾಳು ಮತ್ತೆ ಕಾಲು ಮುಂದಿಟ್ಟಳು. ಒಂದು ಹೆಜ್ಜೆ. ಇನ್ನೊಂದು. ರಸ್ತೆಯ ನಡುವಿಗೆ ಬಂದಳು. ಎರಡನೆಯವಳು ದಿಬ್ಬ ಹತ್ತಿದಳು.

ಕ್ರಾಲಿ ಏದುಸಿರು ಬಿಡುತ್ತ ಕೋಲೂರಿ ನಿಂತಿದ್ದ. ತಬಿತಾ ಅವನ ಕಾಲ ಪಕ್ಕದಲ್ಲೇ ತೆವಳಿದಳು. ಮೊಣಕೈ, ಮಂಡಿ, ಮೊಣಕೈ. ಪಿಕಪ್ಪಿನ ಬಂಪರ್ ಹಿಡಿದು ಮೇಲೆದ್ದಳು. ಕೆಂಪು ಗಡ್ಡದವನ ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಅವಳು ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ಮೈಭಾರ ಹಾಕಿ ನೇತುಬಿದ್ದಳು.

ಗುಂಡು ಹಾರಿತು. ಅವಳ ಅಂಗೈ ಚರಚರ ಸುಟ್ಟಿತು. ಗುಂಡು ಜಲ್ಲಿಗೆ ಬಡಿದು ಕಲ್ಲು ಸಿಡಿಯಿತು. ಸದ್ದು ಕಣಿವೆಯ ಎರಡೂ ಗೋಡೆಗೆ ತಾಕಿ ಮರಳಿ ಬಂತು.

ಬೆಚ್ಚಿದ ಮುಂದಾಳುಗಳು ಹಿಂದಕ್ಕೂ ಓಡಬಹುದಿತ್ತು. ಹೋದ ವರ್ಷ ಹಿಂದಕ್ಕೇ ಓಡಿದ್ದರು. ಮುರಿದ ಕೊಂಬಿನವಳು ಮುಂದಕ್ಕೆ ನೆಗೆದಳು. ರಸ್ತೆಯ ಆಚೆಯಂಚು, ದಿಬ್ಬದ ಇಳಿಜಾರು, ಕುರುಚಲು, ಆಮೇಲೆ ಕಾಡಿನ ಕಡೆಗೆ ಬಾಣದಂತೆ. ಎರಡನೆಯವಳು ಅವಳ ಹಿಂದೆ. ಮೂರನೆಯವಳು ಅವಳ ಹಿಂದೆ.

ಆಮೇಲೆ ಬೆಟ್ಟ ಇಳಿದು ಬಂತು.

ರಸ್ತೆಯ ಮೇಲೆ ಬರೀ ಮೈಗಳು. ಬೂದು, ಕಂದು, ಬಿಳಿ. ಗಾಡಿಗಳ ನಡುವಿನ ಸಂದುಗಳಲ್ಲಿ ತೂರಿ, ಬಾನೆಟ್ಟಿಗೆ ಪಕ್ಕೆ ಉಜ್ಜಿ, ಕನ್ನಡಿಗಳನ್ನು ಕೊಂಬಿನಿಂದ ಕಿತ್ತು ಹರಿದವು. ಗೊರಸುಗಳು ನಡೆಯುವಾಗ ಟಕಟಕ ಎನ್ನುವ ಸದ್ದು ಮಳೆಯಂತೆ ಕಣಿವೆ ತುಂಬಿತು. ಬೇಟೆಗಾರರು ಗಾಡಿಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಕ್ರಾಲಿ ಜಲ್ಲಿರಾಶಿ ಹತ್ತಿ ನಿಂತ. ಅವನ ಹೊಸ ಹೆಲ್ಮೆಟ್ ಗೊರಸುಗಳ ನಡುವೆ ಉರುಳಿ ಹೋಯಿತು.

ಈಗ ತಬಿತಾ ಕೆಮ್ಮಿದಳು. ಎಷ್ಟು ಹೊತ್ತು ತಡೆದಿದ್ದಳೋ, ಮೈ ನಡುಗುವಂತೆ ಕೆಮ್ಮಿ ರಕ್ತ ಉಗುಳಿದಳು. ಏಮೊಸ್ ಚಕ್ರಕ್ಕೆ ಒರಗಿ ಕೂತು, ಮುರಿದ ಕೈಯನ್ನು ಎದೆಗೊತ್ತಿಕೊಂಡು, ಬಾಯಿ ಅಗಲಿಸಿ ಊರಿನ ಭಾಷೆಯಲ್ಲಿ ಅಜ್ಜಿಯರ ಹೆಸರನ್ನೆಲ್ಲ ಹಿಡಿದು ಕೂಗಿದ. ಕೂಗುತ್ತ ಅತ್ತ.

ಹಿಂಡು ಸ್ವಲ್ಪ ತೆಳುವಾದಾಗ ಕ್ರಾಲಿ ಪೇದೆಯ ಹತ್ತಿರ ಇಳಿದು ಬಂದ. "ಹಿಡೀರಿ ಇವರಿಬ್ಬರನ್ನ. ಸಾರ್ವಜನಿಕ ರಸ್ತೆಗೆ ಅಡ್ಡಿ. ಗುಂಡು ಹಾರಿದ್ದು ಇವಳಿಂದ."

"ಹೊಡೆದದ್ದು..." ಎಂದು ಪೇದೆ ಶುರುಮಾಡಿದ.

"ನೀವು ನೋಡಿದ್ರಾ?"

ಪೇದೆ ಅತ್ತ ನೋಡಿದ, ಇತ್ತ ನೋಡಿದ. ಕೋಳ ತೆಗೆದ. ತಬಿತಾ ಸುಟ್ಟ ಕೈಗಳನ್ನು ತಾನೇ ಮುಂದೆ ಚಾಚಿದಳು. ಅವಳ ಬಾಯಿ ಊದಿ ಒಂದು ಬದಿಗೆ ಸರಿದಿತ್ತು. ಅದರಲ್ಲೇ ಮಾತು ಕಟ್ಟಿ ಹೇಳಿದಳು: "ಹಾಕು. ಅವರು ದಾಟಿದ್ರು."

ಏಮೊಸನ ಮುರಿದ ಕೈಗೆ ಕೋಳ ಹಾಕಲು ಪೇದೆಗೆ ಮನಸ್ಸಾಗಲಿಲ್ಲ. ಇಬ್ಬರನ್ನೂ ಪೊಲೀಸ್ ಗಾಡಿಯ ಹಿಂದಿನ ಸೀಟಿನಲ್ಲಿ ಕೂರಿಸಿದ. ತಾನು ಮುಂದೆ ಕೂತು ಇಂಜಿನ್ ಹಚ್ಚಿದ. ಇಂಜಿನ್ ಹಚ್ಚಿಕೊಂಡೇ ಇದ್ದ. ಇಳಿಜಾರಿನಿಂದ ಮತ್ತೊಂದು ಅಲೆ ಇಳಿಯುತ್ತಿತ್ತು. ತಾಯಂದಿರು, ಕರುಗಳು.

ಕ್ರಾಲಿ ಕಿಟಕಿಗೆ ಬಡಿದ. "ಹೊರಡ್ರಿ, ಇನ್ನೇನು ಕಾಯ್ತಿದ್ದೀರಿ?"

"ಎಲ್ಲಿಗೆ ಹೊರಡ್ಲಿ?" ಎಂದ ಪೇದೆ. "ನೀವೇ ಹೇಳಿ. ಇವುಗಳ ಮೇಲೆ ಹತ್ತಿಸ್ಲಾ?" ಇಂಜಿನ್ ಆರಿಸಿದ.

ಮಧ್ಯಾಹ್ನ ಜಾರಿತು. ಹಿಂಡು ದಾಟುತ್ತಲೇ ಇತ್ತು. ಗಾಡಿಗಳು ನಿಂತೇ ಇದ್ದವು. ತಬಿತಾಳಿಗೆ ಚಳಿ ನಡುಕ ಶುರುವಾಗಿತ್ತು. ಏಮೊಸ್ ಒಳ್ಳೆಯ ಕೈಯಿಂದ ತನ್ನ ಕೋಟನ್ನು ಅವಳ ಮೊಣಕಾಲಿನ ಮೇಲೆ ಎಳೆದು ಹಾಕಿದ್ದ.

"ತಬಿತಕ್ಕಾ, ಊರಲ್ಲಿ ಇಷ್ಟೊತ್ತಿಗೆ ಸದ್ದು ಕೇಳಿಸಿರತ್ತೆ," ಎಂದ. "ಮಾಂಸಕ್ಕೆ ಚಾಕು ಮಸೀತಿರ್ತಾರೆ."

ಅವಳು ತಲೆಯಾಡಿಸಿದಳು.

ಸಾಲಿನ ಮುಂದಿನಿಂದ ಮುದುಕ ಆಲ್ಫಿ ಬಂದ. ಸಾರಂಗಗಳ ನಡುವೆ ಸಂದು ಸಿಕ್ಕಾಗ ಒಂದು ಹೆಜ್ಜೆ, ನಿಂತು, ಮತ್ತೊಂದು ಹೆಜ್ಜೆ. ಕಂಕುಳಲ್ಲಿ ಊಟದ ಡಬ್ಬಿ. ಪೇದೆಯ ಕಡೆ ನೋಡಲಿಲ್ಲ, ಕೇಳಲೂ ಇಲ್ಲ. ಗಾಡಿಯ ಹಿಂಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂತ. ತಬಿತಾಳ ಬಾಯಿಯನ್ನು ಒಮ್ಮೆ ನೋಡಿದ. ರೊಟ್ಟಿ ತೆಗೆದು, ಗಟ್ಟಿ ಅಂಚನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡ. ಮೆತ್ತಗಿನ ಭಾಗವನ್ನು ಚೂರು ಚೂರು ಮಾಡಿ ಡಬ್ಬಿಯ ಬಿಸಿ ಸಾರಿನಲ್ಲಿ ನೆನೆಸಿದ. ಅದು ಕರಗುವವರೆಗೂ ಚಮಚದಲ್ಲಿ ಒತ್ತುತ್ತ ಕೂತಿದ್ದ, ಅವಸರವಿಲ್ಲದೆ. ಊದಿ ಆರಿಸಿದ. ಇಬ್ಬರಿಗೂ ಎಂದು ಎರಡು ಚಮಚ ಇಟ್ಟು, ಕೋಳ ಹಾಕಿದ ಅವಳ ಕೈಗಳಿಗೆ ಡಬ್ಬಿಯನ್ನು ಕೊಟ್ಟ.